ಆಯಿಯ ಎರಡು ಸ್ಕ್ಯಾನು, ಒಂದು ಜೊತೆ ಓಲೆ

ನಾನು ಸಿರಸಿ ಹತ್ತಿರದ ಒಂದು ಹಳ್ಳಿಯ ಸೇವಾ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಊರವರ ಬಾಯಲ್ಲಿ ಅದು ಸೊಸೈಟಿ. ಅಲ್ಲಿಗೆ ಸೇರಿ 16 ವರ್ಷವಾಯಿತು. ಬೆಳೆಸಾಲ, ಗೊಬ್ಬರದ ಬಿಲ್ಲು, ಬಂಗಾರದ ಸಾಲ ಎಲ್ಲವೂ ನನ್ನ ಟೇಬಲ್ ಮೇಲೆಯೇ ಹಾದುಹೋಗುತ್ತವೆ. ಸಹಕಾರಿ ಸಂಘದ ಸದಸ್ಯರಿಗಾಗಿ ಇರುವ ಸರ್ಕಾರದ ಆರೋಗ್ಯ ಯೋಜನೆ ಯಶಸ್ವಿನಿಯ ಅರ್ಜಿ ತುಂಬುವ ದಿನಗಳಲ್ಲಂತೂ ಬೆಳಿಗ್ಗೆಯಿಂದ ಸಂಜೆಯವರೆಗೆ ಆಧಾರ್ ಕಾರ್ಡಿನ ಜೆರಾಕ್ಸ್ ಜೋಡಿಸುವುದೇ ಕೆಲಸ. ಹಳ್ಳಿಯ ಸದಸ್ಯರಾದರೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ ಒಬ್ಬೊಬ್ಬರಿಗೆ 100. ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ರಶೀದಿ ಮಡಚಿ ಕಿಸೆಗೆ ಹಾಕಿಕೊಳ್ಳುವಾಗ ಜನ ಕೇಳುವ ಪ್ರಶ್ನೆ ಪ್ರತಿ ವರ್ಷ ಒಂದೇ. "ಅಕ್ಕ, ಸ್ಕ್ಯಾನಿಂಗಿಗೆ ಬರ್ತದಾ ಇದು?"

ಮೊದಲೆಲ್ಲ "ಆಸ್ಪತ್ರೆಯಲ್ಲಿ ಕೇಳಿ" ಅಂದು ಮುಂದಿನವರ ಅರ್ಜಿ ತೆಗೆದುಕೊಳ್ಳುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಪೆನ್ನು ಕೆಳಗಿಟ್ಟು ಐದು ನಿಮಿಷ ಕೂತು ಹೇಳುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಆಯಿಯ, ಅಂದರೆ ಅಮ್ಮನ, ಕಾಲುನೋವಿನಿಂದ ಶುರುಮಾಡಬೇಕು.

ನನ್ನ ತವರು ಸಿರಸಿ–ಕುಮಟಾ ರಸ್ತೆಯಿಂದ ಸ್ವಲ್ಪ ಒಳಗೆ. ಆಯಿಗೆ 66 ವರ್ಷ. ಹೋದ ಮಳೆಗಾಲ ಮುಗಿಯುವಾಗ ಆಕೆಗೆ ತೋಟದಿಂದ ಮನೆಗೆ ಬರುವ ಏರು ಹತ್ತುವುದು ಕಷ್ಟವಾಗತೊಡಗಿತು. ನೂರು ಹೆಜ್ಜೆ ನಡೆದರೆ ಎರಡೂ ಕಾಲು ಜೋಮು ಹಿಡಿದ ಹಾಗೆ. ಕೂತರೆ ಸರಿ, ಮತ್ತೆ ನಡೆದರೆ ಮತ್ತೆ ಅದೇ. ವಿಚಿತ್ರ ಅಂದರೆ ಮೆಟ್ಟುಗತ್ತಿ ಇಟ್ಟುಕೊಂಡು ಮುಂದೆ ಬಗ್ಗಿ ಎರಡು ತಾಸು ಅಡಿಕೆ ಸುಲಿದರೂ ಏನೂ ಆಗುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಇದನ್ನು ದೊಡ್ಡ ಕಾಯಿಲೆ ಅಂದುಕೊಳ್ಳಲಿಲ್ಲ. ಕೇಳಿದರೆ ಆಯಿಯದು ಒಂದೇ ಮಾತು: "ಎಂಗೆ ಎಂತೂ ಆಜಿಲ್ಲೆ." ನನಗೆ ಏನೂ ಆಗಿಲ್ಲ ಅಂತ.

ಸಿರಸಿಯ ಡಾಕ್ಟರು ಮಾತ್ರ ಬಗ್ಗಿದರೆ ಆರಾಮ, ನೆಟ್ಟಗೆ ನಡೆದರೆ ಜೋಮು ಅನ್ನುವುದನ್ನು ಕೇಳಿದ ತಕ್ಷಣ ತಲೆಯಾಡಿಸಿದರು. ಬೆನ್ನುಮೂಳೆಯ ಒಳಗೆ ನರಗಳು ಇಳಿಯುವ ದಾರಿ ಕಿರಿದಾದರೆ ಹೀಗೇ ಆಗುತ್ತದಂತೆ. ಮುಂದೆ ಬಗ್ಗಿದಾಗ ಆ ದಾರಿ ಸ್ವಲ್ಪ ತೆರೆದುಕೊಳ್ಳುತ್ತದೆ, ಅದಕ್ಕೇ ಆರಾಮ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಎಷ್ಟು ಒತ್ತಿಹೋಗಿದೆ ಅಂತ ಕಾಣುವುದಿಲ್ಲ. ಚೀಟಿಯಲ್ಲಿ ಎಂಆರ್‌ಐ ಅಂತ ಬರೆದುಕೊಟ್ಟರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದರು. ಮೂತ್ರ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದ ಹಾಗೆ ಆದರೆ ಒಂದು ದಿನವೂ ಕಾಯಬೇಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಇಂಥ ತೊಂದರೆ ಇರುವವರು ಮನೆಯಲ್ಲಿದ್ದರೆ ನೀವೂ ಇದನ್ನು ನೆನಪಿಡಿ.

ನನಗೆ ಧೈರ್ಯವಿತ್ತು. ಬೆಂಗಳೂರಿನಲ್ಲಿರುವ ತಮ್ಮ ತನ್ನ ಕಂಪನಿಯ ಇನ್ಶುರೆನ್ಸಿನಲ್ಲಿ ಅಪ್ಪಯ್ಯ ಮತ್ತು ಆಯಿಯನ್ನೂ ಸೇರಿಸಿದ್ದಾನೆ, 3 ಲಕ್ಷದ್ದು. ಹಳೆ ಕಾಯಿಲೆಗೂ ಮೊದಲ ದಿನದಿಂದಲೇ ಬರುತ್ತದೆ ಅಂತ ಹೇಳಿದ್ದ. ಹಾಗಾದರೆ ಸ್ಕ್ಯಾನಿನ ಚಿಂತೆ ಏನು ಅಲ್ವಾ?

ಮೂರು ಕಡೆ ಫೋನ್ ಮಾಡಿದೆ. ಮೂರೂ ಕಡೆ ರೇಟು ಹೇಳುವ ಮೊದಲು ಒಂದೇ ಪ್ರಶ್ನೆ: "ಕ್ಯಾಶಾ, ಇನ್ಶುರೆನ್ಸಾ?" ಆಗ ನನಗೆ ಅದರ ಅರ್ಥ ಆಗಲಿಲ್ಲ. ಇನ್ಶುರೆನ್ಸ್ ಅಂದೆ. "ಅಡ್ಮಿಟ್ ಆಗಿದ್ದಾರಾ?" ಇಲ್ಲ ಅಂದೆ. "ಹಾಗಾದರೆ ಕ್ಯಾಶೇ ಮೇಡಂ."

ತಮ್ಮನಿಗೆ ಫೋನ್ ಹಚ್ಚಿದೆ. ಅವನು ಪಾಲಿಸಿಯ ಪಿಡಿಎಫ್ ಕಳಿಸಿದ. ಅವತ್ತು ರಾತ್ರಿ ಊಟ ಮುಗಿಸಿ ಅಷ್ಟೂ ಪುಟ ಓದಿದೆ. ವಿಷಯ ಇಷ್ಟು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದವರಿಗೆ. ಹೊರಗಿಂದ ಬಂದು ತೋರಿಸಿಕೊಂಡು, ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಹೋದರೆ ಅದು ಒಪಿಡಿ. ಒಪಿಡಿಗೆ ಬೇರೆಯಾಗಿ ದುಡ್ಡು ಕಟ್ಟಿ ಸೇರಿಸಿಕೊಂಡಿರಬೇಕು, ಇಲ್ಲದಿದ್ದರೆ ಬರುವುದಿಲ್ಲ.

ನಮ್ಮ ಪರಿಚಯದ ಒಬ್ಬರು ಸುಲಭದ ದಾರಿ ಹೇಳಿದರು. "ಒಂದು ರಾತ್ರಿ ಅಡ್ಮಿಟ್ ಮಾಡಿಸಿಬಿಡು, ಸ್ಕ್ಯಾನು ಕ್ಲೇಮ್ ಆಗ್ತದೆ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಪಾಲಿಸಿಯಲ್ಲಿ ಅದಕ್ಕೂ ಒಂದು ಸಾಲಿತ್ತು. ಬರೀ ಪರೀಕ್ಷೆಗೋಸ್ಕರ ದಾಖಲಾದರೆ ಆ ಖರ್ಚು ಕೊಡುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಥರದ ಭಾಷೆಯಲ್ಲಿ ಬರೆದುಕೊಟ್ಟ ಹೊರಗಿಡುವ ಪಟ್ಟಿಯಲ್ಲಿ ಇದು ನಾಲ್ಕನೆಯದು, ಎಕ್ಸ್‌ಕ್ಲೂಷನ್ 04. ಆ ಮಾತು ಕೇಳಿದ್ದರೆ ಸ್ಕ್ಯಾನಿನ ದುಡ್ಡಿನ ಜೊತೆ ರೂಮಿನ ಬಾಡಿಗೆಯೂ ನಮ್ಮ ಕೈಯಿಂದಲೇ ಹೋಗುತ್ತಿತ್ತು.

ಸರಿ, ಕೈಯಿಂದಲೇ ಕೊಡುವುದು ಅಂತಾಯಿತು. ಒಂದು ಕಡೆ 8,500 ಹೇಳಿದರು. ಹುಬ್ಬಳ್ಳಿಯಲ್ಲಿ 6,500. ಹತ್ತಿರದ ಪೇಟೆಯಲ್ಲಿ 4,500. ಹುಬ್ಬಳ್ಳಿ ಇಲ್ಲಿಂದ ನೂರು ಕಿಲೋಮೀಟರಿನ ಮೇಲೆ. ಆಯಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಕಾರಿಗೆ ಹೋಗಿಬರಲು 3,800 ಕೇಳಿದರು. ಅಂದರೆ ಹುಬ್ಬಳ್ಳಿಯ 6,500 ನಮಗೆ 10,300. ಹತ್ತಿರದ 4,500ಕ್ಕೆ ಕಾರಿನ 900 ಸೇರಿದರೂ 5,400. ಯಾರಾದರೂ ಏನು ಮಾಡುತ್ತಾರೆ? ನಾವೂ ಅದನ್ನೇ ಮಾಡಿದೆವು.

ನವೆಂಬರ್ 6ರಂದು ಹೋದೆವು. ಅಲ್ಲಿ ಹೋದ ಮೇಲೆ "ಪೂರ್ತಿ ಬೆನ್ನುಮೂಳೆ ಒಮ್ಮೆ ನೋಡಬೇಕು" ಅಂತ ಮತ್ತೆ 800 ಸೇರಿಸಿದರು. ಗೋಡೆಯ ಮೇಲೆ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅನ್ನುವ ಬೋರ್ಡು ದೊಡ್ಡದಾಗಿ ಇತ್ತು. ಅದು ಇರಲೇಬೇಕು. ದರಪಟ್ಟಿಯ ಬೋರ್ಡು ಹುಡುಕಿದೆ, ಕಾಣಲಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ದರವನ್ನು ಜನರಿಗೆ ತಿಳಿಯುವಂತೆ ಹಾಕಬೇಕು ಅಂತಿದೆ. ಅದೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇದ್ದಿದ್ದರೆ ಆ 800ರ ಬಗ್ಗೆ ನಾನು ಮನೆಯಿಂದ ಹೊರಡುವ ಮೊದಲೇ ಫೋನಿನಲ್ಲಿ ಕೇಳುತ್ತಿದ್ದೆ.

ಆಯಿ ಬಳೆ ತೆಗೆದು ನನ್ನ ಕೈಗೆ ಕೊಟ್ಟಳು. ಮಂಗಳಸೂತ್ರ ತೆಗೆಯುವುದಿಲ್ಲ ಅಂದಳು. ಒಳಗೆ ದೊಡ್ಡ ಅಯಸ್ಕಾಂತ ಇದೆ, ಲೋಹದ್ದು ಏನೂ ಇರಬಾರದು ಅಂತ ಅಲ್ಲಿನ ಹುಡುಗಿ ತಾಳ್ಮೆಯಿಂದ ಹೇಳಿದಳು. ಕೊನೆಗೆ ನಾನು ಒಂದು ಅರಿಶಿನದ ದಾರ ಕಟ್ಟಿದ ಮೇಲೆ ಒಪ್ಪಿದಳು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಹೊರಗೆ ಕೂತು ಕೈಯಲ್ಲಿ ಬಳೆ ಹಿಡಿದುಕೊಂಡಿದ್ದೆ.

ರಿಪೋರ್ಟಿನಲ್ಲಿ ಡಾಕ್ಟರು ಹೇಳಿದ್ದೇ ಬಂತು. ಸೊಂಟದ ನಾಲ್ಕನೇ ಐದನೇ ಮೂಳೆಯ ನಡುವೆ ನರದ ದಾರಿ ಜಾಸ್ತಿ ಕಿರಿದಾಗಿದೆ. ಆಪರೇಷನ್ ಬೇಕಾಗಬಹುದು, ಆದರೆ ಇವತ್ತೇ ಆಗಬೇಕು ಅಂತಿಲ್ಲ. ಆಯಿ ಆ ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡಳು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಒಂದು ಸುತ್ತು ಮುಗಿಯಲಿ, ಅಡಿಕೆ ಬೇಯಿಸುವಾಗ ನಾನು ಇಲ್ಲದಿದ್ದರೆ ಆಗುವುದಿಲ್ಲ ಅಂತ ಹಟ ಹಿಡಿದಳು. ಅಣ್ಣನೂ ಸುಮ್ಮನಾದ. ನಾನೂ ಸುಮ್ಮನಾದೆ.

ಹುಬ್ಬಳ್ಳಿಯ ಆಸ್ಪತ್ರೆಗೆ ದಾಖಲಾಗಿದ್ದು ಡಿಸೆಂಬರ್ 19ಕ್ಕೆ. ಸ್ಕ್ಯಾನ್ ಆಗಿ 43 ದಿನ ಆಗಿತ್ತು.

ಈ 43 ಅನ್ನುವ ಸಂಖ್ಯೆಯನ್ನು ನಾನು ಮರೆಯುವುದಿಲ್ಲ. ಪಾಲಿಸಿಯಲ್ಲಿ ನಾನು ಅವತ್ತು ರಾತ್ರಿ ಓದಿಯೂ ಮನಸ್ಸಿಗೆ ಹಾಕಿಕೊಳ್ಳದ ಒಂದು ಸಾಲಿತ್ತು. ಆಸ್ಪತ್ರೆಗೆ ದಾಖಲಾಗುವ ಮೊದಲಿನ 30 ದಿನ, ಬಿಡುಗಡೆಯಾದ ನಂತರದ 60 ದಿನ, ಅದೇ ಕಾಯಿಲೆಗೆ ಮಾಡಿದ ಪರೀಕ್ಷೆ, ಔಷಧಿಯ ಖರ್ಚು ಕೊಡುತ್ತಾರೆ. ಬಿಲ್ಲು ಮತ್ತು ಡಾಕ್ಟರ ಚೀಟಿ ಇದ್ದರೆ ಸಾಕು. ಕೆಲವು ಪಾಲಿಸಿಗಳಲ್ಲಿ ಇದು 60 ಮತ್ತು 90 ದಿನ. ನಮ್ಮದು 30. ಅಂದರೆ ಒಪಿಡಿಯಲ್ಲಿ ಮಾಡಿಸಿದ ಸ್ಕ್ಯಾನಿನ ದುಡ್ಡು ಯಾವತ್ತೂ ಬರುವುದೇ ಇಲ್ಲ ಅಂತಲ್ಲ. ಸ್ಕ್ಯಾನಿನಿಂದ ಆಪರೇಷನ್‌ವರೆಗಿನ ದಿನ ಎಣಿಸಬೇಕು. ನಾವು 13 ದಿನ ತಡ ಮಾಡಿದೆವು. 5,300 ರೂಪಾಯಿಯ ಬಿಲ್ಲನ್ನು ಇನ್ಶುರೆನ್ಸಿನವರು ದುಡ್ಡು ಕೊಡದೆ ತಿರುಗಿಸಿದರು.

ಇನ್ನೊಂದು ಸಂಗತಿ ಹುಬ್ಬಳ್ಳಿಯಲ್ಲಿ ಗೊತ್ತಾಯಿತು. ಅಲ್ಲಿನ ಸರ್ಜನ್ ನಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಕಡಿಮೆ ಶಕ್ತಿಯ ಮಷಿನ್ನಿನದು. ಆಪರೇಷನ್ ಮಾಡುವವನಿಗೆ ಇಷ್ಟು ಸಾಲದು" ಅಂದರು. ಸಮಾಧಾನವಾಗಿ ಬಿಡಿಸಿ ಹೇಳಿದರು. ಎಂಆರ್‌ಐ ಮಷಿನ್ನಿನ ಅಯಸ್ಕಾಂತದ ಬಲವನ್ನು ಟೆಸ್ಲಾ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಇರುವುದು 1.5 ಅಥವಾ 3 ಟೆಸ್ಲಾ. ಅದರ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿ ತಂಪಿನಲ್ಲಿ ಇಡಬೇಕು. ಖರ್ಚು ಜಾಸ್ತಿ. ಅರ್ಧ ಟೆಸ್ಲಾಕ್ಕಿಂತ ಕಡಿಮೆಯ ಮಷಿನ್ನುಗಳೂ ಇವೆ. ಅವಕ್ಕೆ ಹೀಲಿಯಂ ಬೇಡ, ನಡೆಸುವ ಖರ್ಚು ಕಡಿಮೆ, ಅದಕ್ಕೆ ರೇಟೂ ಕಡಿಮೆ. ಕಾಯಿಲೆ ಇದೆಯೋ ಇಲ್ಲವೋ ಅಂತ ತಿಳಿಯಲು ಎಷ್ಟೋ ಸಲ ಅದು ಸಾಕು. ಸಣ್ಣ ನರ ಎಲ್ಲಿ ಎಷ್ಟು ಒತ್ತಿದೆ ಅಂತ ನೋಡಿ ಕತ್ತಿ ಹಿಡಿಯುವವರಿಗೆ ಸಾಲದೇ ಹೋಗಬಹುದು.

ಸ್ಕ್ಯಾನ್ ಮಾಡಿಸುವ ಮೊದಲು ಚೀಟಿ ಬರೆದ ಡಾಕ್ಟರ ಹತ್ತಿರ "ಯಾವ ಮಷಿನ್ನಿನದು ಆಗ್ತದೆ?" ಅಂತ ಒಂದು ಮಾತು ಕೇಳಬೇಕಿತ್ತು. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ಹೀಗಾಗಿ ಎರಡನೇ ಸ್ಕ್ಯಾನ್. ಈ ಸಲ ಆಯಿ ದಾಖಲಾಗಿದ್ದಳು, ಆಪರೇಷನ್ ನಿಗದಿಯಾಗಿತ್ತು, ಕ್ಯಾಶ್‌ಲೆಸ್ ಮಂಜೂರಾಗಿತ್ತು. ನಾವು ಒಂದು ರೂಪಾಯಿ ಕೊಡಲಿಲ್ಲ. ಬಿಡುಗಡೆಯ ದಿನ ಬಿಲ್ಲು ಕೈಗೆ ಬಂದಾಗ ನೋಡಿದೆ, ಎಂಆರ್‌ಐ 9,200 ಅಂತಿತ್ತು. ಕೌಂಟರಿನ ಹುಡುಗನಿಗೆ ಕೇಳಿದೆ, "ಹೊರಗಿಂದ ಬಂದು ಕ್ಯಾಶ್ ಕೊಟ್ಟರೆ ಎಷ್ಟು?" ಅವನು ಮುಚ್ಚಿಡಲಿಲ್ಲ. "7,000 ಆಗ್ತದೆ ಮೇಡಂ. ಇದು ಇನ್ಶುರೆನ್ಸ್ ರೇಟು." ಅದೇ ಮಷಿನ್ನು, ಅದೇ ಬೆನ್ನು. ನಡುವೆ 2,200 ರೂಪಾಯಿ. ಫೋನಿನಲ್ಲಿ ಕೇಳಿದ "ಕ್ಯಾಶಾ, ಇನ್ಶುರೆನ್ಸಾ?" ಅನ್ನುವ ಪ್ರಶ್ನೆ ಆಗ ಅರ್ಥವಾಯಿತು.

ನಮ್ಮ ಕಿಸೆಯಿಂದ ಹೋಗಲಿಲ್ಲವಲ್ಲ ಅಂತ ಅಣ್ಣ ಅಂದ. ನನಗೆ ಹಾಗೆ ಅನ್ನಿಸುವುದಿಲ್ಲ. ಆ 9,200 ಹೋಗಿದ್ದು ಅಪ್ಪಯ್ಯ, ಆಯಿ ಇಬ್ಬರಿಗೂ ಸೇರಿದ 3 ಲಕ್ಷದೊಳಗಿಂದ. ಅದೇ ವರ್ಷ ಅಪ್ಪಯ್ಯನಿಗೆ ಏನಾದರೂ ಆದರೆ ಅಷ್ಟು ಕಡಿಮೆ ಉಳಿದಿರುತ್ತದೆ. ಮುಂದಿನ ವರ್ಷದ ಪ್ರೀಮಿಯಂ ಏರುವುದೂ ಇಂಥ ಬಿಲ್ಲುಗಳನ್ನು ಕೂಡಿಸಿಯೇ. ದರ ಕಟ್ಟಿಹಾಕಲು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2021ರ ಮೇ ತಿಂಗಳಲ್ಲಿ ಕೊರೊನಾ ಜೋರಾಗಿದ್ದಾಗ ಖಾಸಗಿಯವರು ಎದೆಯ ಸಿಟಿ ಸ್ಕ್ಯಾನಿಗೆ ಬಿಪಿಎಲ್‌ನವರಿಂದ 1,500, ಉಳಿದವರಿಂದ 2,500ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ನಮ್ಮ ಸರ್ಕಾರವೇ ಆದೇಶ ಮಾಡಿತ್ತು. ಮನಸ್ಸು ಮಾಡಿದರೆ ಆಗುತ್ತದೆ.

ಆಪರೇಷನ್ ಚೆನ್ನಾಗಿ ಆಯಿತು. ಬಿಡುಗಡೆಯಾದ ಮೇಲೆ ಮಾಡಿಸಿದ ಎಕ್ಸ್‌ರೇ, ಮಾತ್ರೆ ಎಲ್ಲದರ ಬಿಲ್ಲನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾರೀಖು ಬರೆದಿಟ್ಟೆ. 60 ದಿನದ ಒಳಗಿನ ಬಿಲ್ಲಿನ ದುಡ್ಡು ಎಲ್ಲ ಸಿಕ್ಕಿತು.

ಇಷ್ಟು ನಮ್ಮ ಮನೆಯ ಕಥೆ. ನಮಗೆ ತಮ್ಮನಿದ್ದ, ಪಿಡಿಎಫ್ ಓದಲು ಬರುತ್ತಿತ್ತು, 5,300 ಹೋದರೂ ತಡೆದುಕೊಳ್ಳುವ ಶಕ್ತಿ ಇತ್ತು. ನನ್ನ ಮನಸ್ಸಿನಿಂದ ಹೋಗದೇ ಇರುವುದು ಇನ್ನೊಂದು ಮನೆಯದು.

ನಮ್ಮ ಊರಿನಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರೊಬ್ಬರಿದ್ದಾರೆ. ಬಿಪಿಎಲ್ ಕಾರ್ಡಿನ ಮನೆ. ಹೋದ ಜುಲೈನಲ್ಲಿ ಅವರ ಹೆಂಡತಿ ಸೊಸೈಟಿಗೆ ಬಂದರು. ಹೊಟ್ಟೆನೋವು ವಾರಗಟ್ಟಲೆ ಬಿಡುತ್ತಿರಲಿಲ್ಲ. ಡಾಕ್ಟರು ಇಂಜೆಕ್ಷನ್ ಹಾಕಿ ಮಾಡುವ ಸಿಟಿ ಸ್ಕ್ಯಾನ್ ಬರೆದುಕೊಟ್ಟಿದ್ದರು, 6,500 ರೂಪಾಯಿ. ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗಿ ಅಂತಲೂ ಡಾಕ್ಟರು ಹೇಳಿದ್ದರಂತೆ. ಇಲ್ಲಿಂದ ಹುಬ್ಬಳ್ಳಿಯೂ ದೂರ, ಕಾರವಾರವೂ ದೂರ. ತೋರಿಸಲು ಒಂದು ದಿನ, ಸ್ಕ್ಯಾನಿಗೆ ಇನ್ನೊಂದು ದಿನ, ರಿಪೋರ್ಟಿಗೆ ಮತ್ತೊಂದು. ಆ ಮಳೆಯಲ್ಲಿ ಗಂಡ ಹೆಂಡತಿ ಇಬ್ಬರ ಕೂಲಿಯೂ ಹೋಗುತ್ತದೆ. ಆಯುಷ್ಮಾನ್ ಕಾರ್ಡು ತೋರಿಸಿದರು. "ಇದಕ್ಕೆ ಬರೋದಿಲ್ವಾ ಅಕ್ಕ?" ಅಂದರು. ದಾಖಲಾಗದೇ ಹೊರಗೆ ಮಾಡಿಸುವ ಸ್ಕ್ಯಾನಿಗೆ ಅದೂ ಬರುವುದಿಲ್ಲ, ನಾನು ಕೊಡುವ ಯಶಸ್ವಿನಿಯೂ ಬರುವುದಿಲ್ಲ. ಆಕೆ ಕಿವಿಯ ಓಲೆ ಬಿಚ್ಚಿ ಟೇಬಲ್ ಮೇಲೆ ಇಟ್ಟರು. ನಾನೇ ತೂಕ ಮಾಡಿ, ನಾನೇ ಸಾಲದ ಪತ್ರ ಬರೆದೆ. ಓಡಾಟದ ಖರ್ಚೂ ಸೇರಿಸಿ 8,000.

ಸ್ಕ್ಯಾನಿನಲ್ಲಿ ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಮಾತ್ರೆಯಲ್ಲೇ ವಾಸಿಯಾಯಿತು. ದೇವರು ದೊಡ್ಡವನು. ಆದರೆ ಲೆಕ್ಕ ನೋಡಿ. ಸ್ಕ್ಯಾನಿನಲ್ಲಿ ದೊಡ್ಡ ಕಾಯಿಲೆ ಸಿಕ್ಕಿದ್ದರೆ ಮುಂದಿನ ಚಿಕಿತ್ಸೆ 5 ಲಕ್ಷದವರೆಗೆ ಉಚಿತ. ಕಾಯಿಲೆ ಇಲ್ಲ ಅಂತ ತಿಳಿದುಕೊಳ್ಳಲು ಓಲೆ ಇಡಬೇಕು. ಹೀಗೆ ಓಲೆ ಇಡಲು ಮನಸ್ಸಾಗದೆ ಸ್ಕ್ಯಾನನ್ನೇ ಮುಂದಕ್ಕೆ ಹಾಕಿದವರನ್ನೂ ನಾನು ನೋಡಿದ್ದೇನೆ. ಅದು ನನಗೆ ಬಹಳ ಸಂಕಟ ಕೊಡುತ್ತದೆ.

ಅದೇ ಮನೆಗೆ ಡಿಸೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕೊನೆಗೌಡರು ಮರದಿಂದ ಬಿದ್ದರು. ತಲೆಗೆ ಪೆಟ್ಟು. ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ತುರ್ತು ಕೇಸಾದ್ದರಿಂದ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ಕಾಯಬೇಕಾಗಲಿಲ್ಲ. ತಲೆಯ ಸಿಟಿ ಸ್ಕ್ಯಾನ್ ಅವತ್ತು ರಾತ್ರಿ ಒಮ್ಮೆ, ಮಾರನೇ ದಿನ ಮತ್ತೊಮ್ಮೆ. ಎರಡೂ ಆಯುಷ್ಮಾನ್ ಯೋಜನೆಯ ಒಳಗೇ ಬಂತು, ಅವರು ಏನೂ ಕೊಡಲಿಲ್ಲ. ಆ ಯೋಜನೆಯಲ್ಲಿ ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯಾದ ನಂತರದ 15 ದಿನದ ಪರೀಕ್ಷೆ, ಔಷಧಿಯೂ ಸೇರುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಎಪಿಎಲ್‌ನವರಿಗಾದರೆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜು ದರದ 30 ಶೇಕಡಾ ಮಾತ್ರ ಯೋಜನೆಯಿಂದ ಸಿಗುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ದೂರದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಜಿಲ್ಲೆಯವರಿಗೆ ಸ್ಕ್ಯಾನಿನ ಬೆಲೆ ಅಂದರೆ ಬರೀ ಸ್ಕ್ಯಾನಿನ ಬೆಲೆ ಅಲ್ಲ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕುಮಟಾ ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ. ಕಾರವಾರದ ನನ್ನ ಗೆಳತಿಯ ಮನೆಯವರು ಏನಾದರೂ ದೊಡ್ಡದು ಅಂದರೆ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಗೇ ಓಡುತ್ತಿದ್ದರು. 2018ರ ಜನವರಿಯಿಂದ ಅಲ್ಲಿ ಗೋವಾದವರಲ್ಲದವರಿಗೆ ಶುಲ್ಕ ಹಾಕಿದರು. ಅವರ ರಾಜ್ಯದ ದುಡ್ಡು, ಅವರನ್ನು ನಾನು ದೂರುವುದಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಆ ದೃಶ್ಯವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ಆಗ ಇಡೀ ಜಿಲ್ಲೆ ದೊಡ್ಡ ಆಸ್ಪತ್ರೆ ಬೇಕು ಅಂತ ಮತ್ತೆ ಕೂಗಿತು. ಆಯಿಯ ಸ್ಕ್ಯಾನಿಗೆ ನಾನು ಹುಬ್ಬಳ್ಳಿ ಬಿಟ್ಟು ಹತ್ತಿರದ ಪೇಟೆ ಆರಿಸಿದ್ದೂ ಆ 3,800 ರೂಪಾಯಿಯ ಕಾರಿನಿಂದಲೇ.

ಇದೆಲ್ಲ ಆದ ಮೇಲೆ ನಾವು ಗಂಡ ಹೆಂಡತಿ ನಮಗೂ ಒಂದು ಪಾಲಿಸಿ ನೋಡಿದೆವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಶೇಕಡಾ ಜಿಎಸ್‌ಟಿ ತೆಗೆದಿದ್ದಾರೆ, ಅಷ್ಟು ಹಗುರ. ಏಜೆಂಟರು ಬಂದಾಗ ನಾನು ಎಷ್ಟು ಲಕ್ಷ ಅಂತ ಮೊದಲು ಕೇಳಲಿಲ್ಲ. ದಾಖಲಾಗುವ ಮೊದಲಿನ ಎಷ್ಟು ದಿನದ ಪರೀಕ್ಷೆಗೆ ಕೊಡುತ್ತೀರಿ ಅಂತ ಕೇಳಿದೆ. ಒಪಿಡಿ ಸೇರಿಸಿದರೆ ಎಷ್ಟು ಜಾಸ್ತಿ, ಅದರಲ್ಲಿ ಸ್ಕ್ಯಾನ್ ಬರುತ್ತದಾ, ಬೆನ್ನಿನ ಕಾಯಿಲೆಗೆ ಎರಡು ವರ್ಷ ಕಾಯಬೇಕಾ ಅಂತ ಕೇಳಿದೆ. ಅವರು ಪಾಪ ಬ್ಯಾಗಿನಿಂದ ಪುಸ್ತಕ ತೆಗೆದು ಒಂದೊಂದಾಗಿ ಹುಡುಕಿ ಹೇಳಿದರು. ಬೆನ್ನಿಗೆ ಕಾಯಬೇಕು. ಮೊದಲಿನ ದಿನಗಳು 60. ಒಪಿಡಿ ಸೇರಿಸಿದರೆ ನಮಗೆ ದುಬಾರಿ, ಬಿಟ್ಟೆವು. ಅದರ ಬದಲು ಸೊಸೈಟಿಯಲ್ಲಿ ತಿಂಗಳಿಗೆ 500ರಂತೆ ಒಂದು ಆರ್‌ಡಿ ಮಾಡಿದ್ದೇನೆ. ಪಾಸ್‌ಬುಕ್ಕಿನ ಮೇಲೆ ಪೆನ್ಸಿಲಿನಲ್ಲಿ "ಸ್ಕ್ಯಾನ್" ಅಂತ ಬರೆದಿಟ್ಟಿದ್ದೇನೆ.

ಈಗ ನನ್ನ ಟೇಬಲ್ಲಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ಯಾರಾದರೂ ಸ್ಕ್ಯಾನಿನ ಚೀಟಿ ಹಿಡಿದು ಬಂದರೆ ಅದನ್ನು ನೋಡಿಕೊಂಡು ಹೇಳುತ್ತೇನೆ. ಯಾವ ಮಷಿನ್ನು ಬೇಕು ಅಂತ ಬರೆದ ಡಾಕ್ಟರ ಹತ್ತಿರ ಕೇಳಿ. ಎರಡು ಕಡೆ ಫೋನ್ ಮಾಡಿ, ಇಂಜೆಕ್ಷನ್, ಫಿಲ್ಮು ಎಲ್ಲ ಸೇರಿ ಎಷ್ಟು ಅಂತ ಕೇಳಿ. ಕಾರಿನ ಬಾಡಿಗೆ ಕೂಡಿಸಿ ನೋಡಿ. ಆಪರೇಷನ್ ಆಗಬಹುದು ಅಂದಿದ್ದರೆ ಪಾಲಿಸಿಯ ದಿನ ಎಣಿಸಿ, ಬಿಲ್ಲು ಕಳೆಯಬೇಡಿ. ಅರ್ಜೆಂಟ್ ಅಂತ ಡಾಕ್ಟರು ಹೇಳಿದ್ದರೆ ಮಾತ್ರ ಇದು ಯಾವುದನ್ನೂ ನೋಡದೆ ಹೊರಡಿ.

ಆಯಿ ಈಗ ತೋಟದ ಏರನ್ನು ಒಂದೇ ಸಲ ಕೂತು ಸುಧಾರಿಸಿಕೊಂಡು ಹತ್ತುತ್ತಾಳೆ. ಕೊನೆಗೌಡರು ಇನ್ನೂ ಮರ ಹತ್ತುವುದಿಲ್ಲ, ಕೆಳಗೆ ನಿಂತು ಕೊನೆ ಹಿಡಿಯುವ ಕೆಲಸಕ್ಕೆ ಹೋಗುತ್ತಾರೆ. ಏಪ್ರಿಲಿನಲ್ಲಿ ಅವರ ಹೆಂಡತಿ ಬಂದು ಓಲೆ ಬಿಡಿಸಿಕೊಂಡರು. ಅಸಲು 8,000, ಒಂಬತ್ತು ತಿಂಗಳ ಬಡ್ಡಿ 600. ಕೌಂಟರಿನ ಎದುರೇ ನಿಂತು, ಕನ್ನಡಿ ಇಲ್ಲದೆ, ಕೈಯಲ್ಲೇ ತಡಕಿ ಎರಡೂ ಕಿವಿಗೆ ಹಾಕಿಕೊಂಡರು.